ಸೈಡು ಕೇಳುವವನಿಗೆ ಅವಸರ, ಕೊಡುವವನಿಗೆ ಜಾಗವಿಲ್ಲ!

ಅರಬೈಲ್ ಘಟ್ಟದಲ್ಲಿ ದಿನಾ ನಡೆಯುವ ಹಾರ್ನಿನ ಜಗಳ

ಯಲ್ಲಾಪುರ: ಇಲ್ಲಿಂದ ಅಂಕೋಲೆಗೆ ಇಳಿಯುವ ದಾರಿಯಲ್ಲಿ ಎರಡೇ ಎರಡು ಜಾತಿಯ ಡ್ರೈವರುಗಳು. ಒಬ್ಬ ಮುಂದೆ ಮೆಲ್ಲಗೆ ಹೋಗುವವ. ಇನ್ನೊಬ್ಬ ಅವನ ಬೆನ್ನಿಗೆ ಬಿದ್ದು ಹಾರ್ನು ಒತ್ತುವವ. ಮುಂದಿನವನ ಕಣ್ಣಿಗೆ ಹಿಂದಿನವ ಹುಚ್ಚ. ಹಿಂದಿನವನ ಕಣ್ಣಿಗೆ ಮುಂದಿನವ ಸೊಕ್ಕಿನ ಮನುಷ್ಯ. ಬೇಕೆಂದೇ ಸೈಡು ಕೊಡುತ್ತಿಲ್ಲ ಎಂಬುದು ಇವನ ದೂರು. ಸೈಡು ಎಲ್ಲಿಂದ ತಂದು ಕೊಡಲಿ ಎಂಬುದು ಅವನ ಪ್ರಶ್ನೆ.

ತಮಾಷೆಯೆಂದರೆ ಈ ಇಬ್ಬರೂ ಒಬ್ಬನೇ ಆಗಿರಬಹುದು. ಖಾಲಿ ಲಾರಿ ಹೊಡೆದುಕೊಂಡು ಹೋಗುವಾಗ "ಏ ಯಪ್ಪಾ, ಸೈಡ್ ಕೊಡೋ" ಎಂದು ಕೂಗಿದವನೇ ಮರುದಿನ ಲೋಡು ಹೇರಿಕೊಂಡು ಬರುವಾಗ "ತಡಿಯೋ ಮಾರಾಯ, ಎಲ್ಲಿಗೆ ಹೊಂಟೀಯ" ಎನ್ನುತ್ತಾನೆ. ಮನುಷ್ಯ ಬದಲಾಗಿರುವುದಿಲ್ಲ. ಬೆನ್ನ ಮೇಲಿನ ಭಾರ ಬದಲಾಗಿರುತ್ತದೆ, ಅಷ್ಟೆ.

ಹಳೆಯ ಲೆಕ್ಕದಲ್ಲಿ ಇದು 63ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಈಗಿನ ಲೆಕ್ಕದಲ್ಲಿ 52. ಬೋರ್ಡಿನ ನಂಬರು ಬದಲಾದರೂ ಜನರ ಬಾಯಲ್ಲಿ ಇನ್ನೂ 63 ಉಳಿದಿದೆ. ಇಡಗುಂದಿ ದಾಟಿ ಅರಬೈಲಿಗೆ ಬಂದರೆ ರಸ್ತೆ ಹಾವಿನಂತೆ ಸುತ್ತಿಕೊಂಡು ಗುಳ್ಳಾಪುರ, ರಾಮನಗುಳಿಯ ಕಡೆ ಇಳಿಯುತ್ತದೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಣಿವೆ. ಮಳೆಗಾಲದಲ್ಲಿ ಹತ್ತು ಮಾರು ಮುಂದೆ ಏನಿದೆಯೆಂದು ಕಾಣದಷ್ಟು ಮಂಜು. ಇಂಥ ಕಡೆ ಸೈಡಿನ ವಿಷಯ ಬರೀ ಮರ್ಯಾದೆಯ ವಿಷಯವಾಗಿ ಉಳಿಯುವುದಿಲ್ಲ, ಜೀವದ ವಿಷಯವಾಗುತ್ತದೆ.

ದಾರಿ ಬಿಡಲು ಹೋಗಿ ಕಣಿವೆಗೆ

2025ರ ಜನವರಿ 22, ಬುಧವಾರ. ಸವಣೂರಿನಿಂದ ಹಣ್ಣು, ತರಕಾರಿ ತುಂಬಿಕೊಂಡು ಕುಮಟೆಯ ಸಂತೆಗೆ ಹೊರಟ ಲಾರಿಯೊಂದು ಬೆಳಗಿನ ಜಾವದ ಕತ್ತಲಲ್ಲಿ ಈ ಘಟ್ಟಕ್ಕೆ ಬಂತು. ಮಾಲಿನ ಜತೆ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿಗಳು ಅದೇ ಲಾರಿಯಲ್ಲಿದ್ದರು. ಲಾರಿ ಕಣಿವೆಗೆ ಬಿತ್ತು. ಹತ್ತು ಜನ ಸತ್ತರು. ಹದಿನೈದರಷ್ಟು ಜನ ಗಾಯಗೊಂಡರು. ಕೇಂದ್ರ, ರಾಜ್ಯ ಎರಡೂ ಸರ್ಕಾರಗಳು ಪರಿಹಾರ ಘೋಷಿಸಿದವು.

ಅಪಘಾತ ಹೇಗಾಯಿತು ಎಂದು ಜಿಲ್ಲಾ ಪೊಲೀಸರು ಅಂದು ಕೊಟ್ಟ ವಿವರವನ್ನು ಈ ದಾರಿಯಲ್ಲಿ ಓಡಾಡುವ ಪ್ರತಿಯೊಬ್ಬರೂ ನೆನಪಿಡಬೇಕು. ಡ್ರೈವರ್ ಇನ್ನೊಂದು ವಾಹನಕ್ಕೆ ದಾರಿ ಬಿಡಲೆಂದು ಎಡಕ್ಕೆ ಎಳೆದ. ಎಡಕ್ಕೆ ನೆಲ ಇರಲಿಲ್ಲ. ಸುಮಾರು 50 ಮೀಟರ್ ಆಳದ ಕಣಿವೆ ಇತ್ತು. ಆ ಬದಿಗೆ ತಡೆಗೋಡೆಯೂ ಇರಲಿಲ್ಲ.

ಅಂದರೆ ಇದು ಸೈಡು ಕೊಡದ ಸೊಕ್ಕಿನಿಂದ ಆದ ಸಾವಲ್ಲ, ಸೈಡು ಕೊಡಲು ಹೋಗಿ ಆದ ಸಾವು. "ಸ್ವಲ್ಪ ಎಡಕ್ಕೆ ತಗೊಂಡ್ರೆ ಏನಾಗ್ತದೆ" ಎಂದು ಹಿಂದೆ ಕುಳಿತು ಕೇಳುವವರಿಗೆ ಆ ಜನವರಿಯೇ ಉತ್ತರ. ಬಯಲುಸೀಮೆಯಲ್ಲಿ ಎಡಕ್ಕೆ ತಗೊಂಡರೆ ಚಕ್ರ ಮಣ್ಣಿಗೆ ಇಳಿಯುತ್ತದೆ. ಘಟ್ಟದಲ್ಲಿ ಎಡಕ್ಕೆ ತಗೊಂಡರೆ ಮಣ್ಣೇ ಚಕ್ರದ ಕೆಳಗಿಂದ ಜಾರುತ್ತದೆ.

ಮಾಲು ಸಾಗಿಸುವ ಲಾರಿಯಲ್ಲಿ ಜನ ಕೂತದ್ದು ಯಾಕೆ ಎಂದು ಕೇಳುವವರೂ ಇದ್ದಾರೆ. ಕಾಯಿದೆ ಪ್ರಕಾರ ಕೂರಬಾರದು, ನಿಜ. ಆದರೆ ನಸುಕಿಗೆ ಸಂತೆ ಮುಟ್ಟಬೇಕಾದ ತರಕಾರಿ ವ್ಯಾಪಾರಿ ನಾಲ್ಕು ಚೀಲ ಮೆಣಸಿನಕಾಯಿ ಹೊತ್ತು ಯಾವ ಬಸ್ಸು ಹತ್ತಬೇಕು? ಮಾಲು ಇದ್ದಲ್ಲಿ ಮಾಲೀಕ. ಈ ಕಟು ಸತ್ಯ ಪ್ರತಿ ಊರಿನ ಸಂತೆ ವ್ಯಾಪಾರಿಗೂ ಗೊತ್ತು. ಅದಕ್ಕೇ ಲಾರಿಯ ಹಿಂದೆ ಹಾರ್ನು ಒತ್ತುವವರು ಒಂದು ಮಾತು ತಿಳಿದಿರಬೇಕು: ತಾಡಪಾಲಿನ ಕೆಳಗೆ ಇರುವುದು ಬರೀ ಬದನೆಕಾಯಿ ಎಂದು ತಿಳಿಯಬೇಡಿ.

ಮುಂದಿನವ ಯಾಕೆ ನಿಧಾನ?

ಇಳಿಜಾರಿನಲ್ಲಿ ಲಾರಿ ಎರಡನೇ ಗೇರಿನಲ್ಲಿ ಗುರುಗುಟ್ಟುತ್ತ ಹೋಗುವುದನ್ನು ಕಂಡು ಕಾರಿನವರಿಗೆ ಸಿಟ್ಟು ಬರುತ್ತದೆ. "ಇಳಿಜಾರು ತಾನೇ, ಬಿಟ್ರೆ ತನ್ನಷ್ಟಕ್ಕೇ ಹೋಗ್ತದೆ" ಎಂದು ಅವರ ಎಣಿಕೆ. ಹೋಗುತ್ತದೆ, ಸಂಶಯವಿಲ್ಲ. ನಿಲ್ಲುವುದು ಮಾತ್ರ ಡ್ರೈವರನ ಕೈಯಲ್ಲಿ ಇರುವುದಿಲ್ಲ.

ಹಳೆಯ ಡ್ರೈವರುಗಳು ಹೊಸಬರಿಗೆ ಮೊದಲು ಕಲಿಸುವ ಪಾಠವೊಂದಿದೆ: ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಗೇರು ಚಿಕ್ಕದಾದಷ್ಟೂ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕಿನ ಮೇಲೆ ಭಾರ ಬೀಳುವುದಿಲ್ಲ. ಹಾಗೆ ಮಾಡದೆ ದೊಡ್ಡ ಗೇರಿನಲ್ಲಿ ಬಿಟ್ಟು ತಿರುವು ತಿರುವಿಗೂ ಬ್ರೇಕು ತುಳಿದರೆ ಡ್ರಮ್ಮು ಕಾಯುತ್ತದೆ, ಲೈನರು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಹಂತ ದಾಟಿದ ಮೇಲೆ ಎಷ್ಟು ತುಳಿದರೂ ಬ್ರೇಕು ಹಿಡಿಯುವುದಿಲ್ಲ. ಪೇಪರಿನಲ್ಲಿ "ಬ್ರೇಕ್ ಫೇಲ್" ಎಂದು ಬರುವ ಎಷ್ಟೋ ಅಪಘಾತಗಳಲ್ಲಿ ಬ್ರೇಕು ತಾನಾಗಿ ಕೆಟ್ಟಿರುವುದಿಲ್ಲ, ಕಾಯಿಸಿ ಕೆಡಿಸಲಾಗಿರುತ್ತದೆ. ನಾಲ್ಕು ಹನಿ ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಇಳಿಯುವ ಶೂರರ ಕಥೆಯಂತೂ ಹೇಳುವುದೇ ಬೇಡ.

ಇನ್ನೊಂದು ಸರಳ ಲೆಕ್ಕ. ವೇಗ ಇಮ್ಮಡಿಯಾದರೆ ಅದನ್ನು ನಿಲ್ಲಿಸಲು ಬೇಕಾದ ಬಲ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಇಪ್ಪತ್ತರ ವೇಗದಲ್ಲಿ ನಿಲ್ಲಿಸಬಹುದಾದ ಲಾರಿ ನಲವತ್ತರಲ್ಲಿ ಬೇರೆಯದೇ ಮೃಗ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ಭಾರದ ಮಿತಿಯನ್ನೇ ಹೆಚ್ಚಿಸಿದೆ. ಭಾರ ಹೆಚ್ಚಿತು. ಅರಬೈಲಿನ ತಿರುವೇನೂ ಅದಕ್ಕೆ ತಕ್ಕಂತೆ ಅಗಲವಾಗಲಿಲ್ಲ.

ಹಾಗೆಂದು ಮುಂದಿನವರೆಲ್ಲ ಸಾಧುಗಳೆಂದು ತಿಳಿಯಬೇಕಾಗಿಲ್ಲ. ಜಾಗ ಸಿಕ್ಕಲ್ಲಿಯೂ ಬಿಡದೆ ರಸ್ತೆ ನಡುವೆ ಹೋಗುವವರಿದ್ದಾರೆ. ಹಿಂದಿನವ ದಾಟಲು ಬಲಕ್ಕೆ ಬಂದೊಡನೆ ತಾನೂ ಎಕ್ಸಲೇಟರ್ ಒತ್ತುವವರಿದ್ದಾರೆ. ಫೋನು ಕಿವಿಗಿಟ್ಟುಕೊಂಡು ಮದುವೆ ಮಾತುಕತೆ ಮುಗಿಸುವವರಿದ್ದಾರೆ. ಇನ್ನು ಲಾರಿ ಕೆಟ್ಟು ನಿಂತರೆ ಹಿಂದೆ ಸೊಪ್ಪು, ಕಲ್ಲು ಇಡುತ್ತಾರೆ. ಅದು ಒಳ್ಳೆಯ ಪದ್ಧತಿಯೇ. ಲಾರಿ ರಿಪೇರಿಯಾಗಿ ಹೊರಟುಹೋಗುತ್ತದೆ, ಕಲ್ಲು ಮಾತ್ರ ಅಲ್ಲೇ. ರಾತ್ರಿ ಬರುವ ಬೈಕಿನವನಿಗೆ ಅದೇ ಯಮ.

ಹಿಂದಿನವನಿಗೆ ಯಾಕೆ ಅವಸರ?

ಹಿಂದಿನವನ ಕಡೆಯೂ ಸ್ವಲ್ಪ ನೋಡೋಣ. ಬಸ್ಸಿನ ಡ್ರೈವರನಿಗೆ ಮುಂದಿನ ನಿಲ್ದಾಣಕ್ಕೆ ಮುಟ್ಟುವ ವೇಳೆ ಬರೆದಿಟ್ಟಿದೆ. ಹಾಗೆ ಬರೆಯುವಾಗ ಮುಂದೆ ಹತ್ತು ಲಾರಿ ಸಾಲುಗಟ್ಟಿವೆಯೋ ಇಲ್ಲವೋ ಎಂದು ಯಾರಿಗೆ ಗೊತ್ತಿರುತ್ತದೆ? ಬಸ್ಸಿನ ಒಳಗೆ ಅಂಕೋಲೆಯಲ್ಲಿ ಕಾರವಾರದ ಬಸ್ಸು ಹಿಡಿಯಬೇಕಾದವರು, ಕೋರ್ಟಿನ ತಾರೀಖು ಇದ್ದವರು, ಪರೀಕ್ಷೆಗೆ ಹೊರಟ ಹುಡುಗರು. "ಸ್ವಲ್ಪ ಜೋರಾಗಿ ಬಿಡ್ರೀ" ಎಂದು ಹಿಂದಿನ ಸೀಟಿನಿಂದ ಕೂಗುವವರು ನಾವೇ. ಅದೇ ಡ್ರೈವರ್ ತಿರುವಿನಲ್ಲಿ ಓವರ್‌ಟೇಕ್ ಮಾಡಿದರೆ "ಅಯ್ಯೋ, ಎಂಥ ಡ್ರೈವಿಂಗ್ ಮಾರಾಯ್ರೆ" ಎನ್ನುವವರೂ ನಾವೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಓಡಾಟ ಹೆಚ್ಚಿದೆ, ಬಸ್ಸು ತುಂಬಿಯೇ ಹೋಗುತ್ತದೆ. ಒಂದು ತಪ್ಪು ಓವರ್‌ಟೇಕಿಗೆ ಪಣಕ್ಕೆ ಬೀಳುವ ಜೀವಗಳ ಸಂಖ್ಯೆಯೂ ಅಷ್ಟೇ ಹೆಚ್ಚು.

ನಮ್ಮ ಅಂಗಡಿಕಾರರೂ ಇದರಿಂದ ಹೊರತಲ್ಲ. "ಹತ್ತು ಗಂಟೆಯೊಳಗೆ ಮಾಲು ಬರದಿದ್ರೆ ವಾಪಸ್ ಕಳಿಸ್ತೇನೆ" ಎಂದು ಹುಬ್ಬಳ್ಳಿಗೆ ಫೋನು ಮಾಡಿದರೆ ಆ ಮಾತು ನೇರವಾಗಿ ಟೆಂಪೋದವನ ಬಲಗಾಲಿಗೆ ಹೋಗಿ ಮುಟ್ಟುತ್ತದೆ. ಘಟ್ಟದ ಕೆಳಗಿಂದ ಮೀನು ತರುವವನಿಗೆ ಐಸು ಕರಗುವ ಚಿಂತೆ. ಮಂಗಳೂರಿಂದ ಬರುವ ಗ್ಯಾಸ್ ಟ್ಯಾಂಕರಿನವನಿಗೆ ಇನ್ನೂ ದೂರ ಹೋಗಬೇಕಾದ ಚಿಂತೆ.

ಆದರೆ ಈ ಅವಸರದಿಂದ ಸಿಗುವ ಲಾಭ ಎಷ್ಟು? ಹತ್ತು ಕಿಲೋಮೀಟರ್ ತಿರುವು ದಾರಿಯನ್ನು ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ ಇಳಿದರೆ ಅರ್ಧ ಗಂಟೆ ಬೇಕು. ಮೂವತ್ತರಂತೆ ಇಳಿದರೆ ಇಪ್ಪತ್ತು ನಿಮಿಷ. ಉಳಿದದ್ದು ಹತ್ತು ನಿಮಿಷ. ಅದೂ ಮುಂದೆ ಒಂದೂ ಗಾಡಿ ಇಲ್ಲದಿದ್ದರೆ. ಒಂದು ಲಾರಿ ದಾಟಿದವನ ಎದುರು ಮುಂದಿನ ತಿರುವಿನಲ್ಲಿ ಇನ್ನೊಂದು ಲಾರಿ ನಿಂತಿರುತ್ತದೆ. ಕೊನೆಗೆ ಕೈಗೆ ಬರುವುದು ಎರಡೋ ಮೂರೋ ನಿಮಿಷ, ಒಂದು ಅರ್ಧ ಚಾದ ಹೊತ್ತು! ಅದನ್ನು ಅಂಕೋಲೆಯ ಹೋಟೆಲಿನಲ್ಲಿ ಕೂತು ಕಳೆಯುವುದಕ್ಕಾಗಿ ಇಷ್ಟೊಂದು ಸಾಹಸ.

ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71ರಷ್ಟು ಸಾವು ಅತಿವೇಗದ ಖಾತೆಗೆ ಬಿದ್ದಿದೆ.

ಕೈಸನ್ನೆಗೆ ಎರಡು ಅರ್ಥ

ಹಿಂದೆ ಲಾರಿಯ ಎಡಗಡೆ ಕ್ಲೀನರ್ ಹುಡುಗ ಇರುತ್ತಿದ್ದ. ಎಡಬದಿಗೆ ಎಷ್ಟು ಜಾಗ ಇದೆ ಎಂದು ಅವನೇ ಕಣ್ಣು. ಬಾಗಿಲು ತಟ್ಟಿ "ಬರ್ಲಿ ಬರ್ಲಿ" ಎನ್ನುತ್ತಿದ್ದ, ಏರಿನಲ್ಲಿ ನಿಂತರೆ ಇಳಿದು ಚಕ್ರಕ್ಕೆ ಕಲ್ಲು ಒಡ್ಡುತ್ತಿದ್ದ. ಈಗ ಖರ್ಚು ಉಳಿಸಲು ಎಷ್ಟೋ ಲಾರಿಗಳು ಒಬ್ಬನೇ ಡ್ರೈವರನ ಮೇಲೆ ಓಡುತ್ತವೆ. ಬಲಗಡೆ ಕೂತವನಿಗೆ ಎಡಚಕ್ರ ಕಣಿವೆಯ ಅಂಚಿನಿಂದ ಒಂದು ಮೊಳ ದೂರವೋ ಒಂದು ಗೇಣು ದೂರವೋ ಕಾಣುವುದಿಲ್ಲ. ಕಾಣದ ಕಡೆ ಗಾಡಿ ಸರಿಸು ಎಂದು ಹಿಂದಿನಿಂದ ಹಾರ್ನು.

ಇನ್ನು ಇಂಡಿಕೇಟರಿನ ಗೊಂದಲ. ಬಲಗಡೆಯ ದೀಪ ಮಿಣುಕಿದರೆ ಅರ್ಥವೇನು? ಒಬ್ಬ ಡ್ರೈವರನಿಗೆ "ದಾಟಿ ಹೋಗು" ಎಂದು. ಇನ್ನೊಬ್ಬನಿಗೆ "ನಾನೇ ಬಲಕ್ಕೆ ಬರ್ತಾ ಇದ್ದೇನೆ, ದಾಟಬೇಡ" ಎಂದು. ಕಾಯಿದೆಯಲ್ಲಿ ಎರಡನೆಯದೇ ಸರಿ, ರಸ್ತೆಯಲ್ಲಿ ಎರಡೂ ಚಲಾವಣೆಯಲ್ಲಿವೆ. ಬೇರೆ ರಾಜ್ಯದ ಲಾರಿಯ ಸನ್ನೆಯನ್ನು ಈ ಊರಿನ ಕಾರಿನವ ತನ್ನ ಅರ್ಥದಲ್ಲಿ ತಿಳಿದುಕೊಂಡರೆ ಮುಗಿಯಿತು. ಮುಂದಿನವ ಕೈ ಬೀಸಿದ ಮಾತ್ರಕ್ಕೆ ದಾಟಬಾರದು. ಎದುರಿನ ದಾರಿ ತನ್ನ ಕಣ್ಣಿಗೇ ಕಂಡರೆ ದಾಟಬೇಕು. ಕೈ ಬೀಸಿದವನೇನೂ ಆಸ್ಪತ್ರೆಗೆ ಜತೆಗೆ ಬರುವುದಿಲ್ಲ.

ಲಾರಿಯ ಹಿಂದೆ "ಹಾರ್ನ್ ಓಕೆ ಪ್ಲೀಸ್" ಎಂದು ಬರೆಸುವುದು ಹಳೆಯ ಚಾಳಿ. ಇದು ಸುಮ್ಮನೆ ಹಾರ್ನು ಬಾರಿಸಲು ಕುಮ್ಮಕ್ಕು ಕೊಡುತ್ತದೆ ಎಂದು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಅದನ್ನು ನಿಷೇಧಿಸಿತು. ಘಟ್ಟದ ತಿರುವಿನಲ್ಲಿ ಒಂದು ಸಲ ಹಾರ್ನು ಮಾಡುವುದು ಅಗತ್ಯ, ಎದುರಿನವನಿಗೆ ತಿಳಿಯಬೇಕಲ್ಲ! ರಾತ್ರಿಯಾದರೆ ಡಿಪ್ಪರ್ ಹೊಡೆದರೆ ಸಾಕು. ಆದರೆ ಮುಂದಿನ ಲಾರಿಯ ಬೆನ್ನಿಗೇ ಅಂಟಿಕೊಂಡು ಎಡೆಬಿಡದೆ ಬಾರಿಸುವ ಹಾರ್ನಿಗೆ ಯಾವ ಅರ್ಥವೂ ಇಲ್ಲ. ಅದು ಬರೀ ಬೈಗುಳ.

ಅದಿರು ಲಾರಿಗಳ ಕಾಲ

ಈ ಜಗಳ ಹೊಸದೂ ಅಲ್ಲ. 2010ರ ಮುಂಚಿನ ಕೆಲವು ವರ್ಷಗಳನ್ನು ಯಲ್ಲಾಪುರದ ಪೇಟೆಯವರು ಮರೆತಿಲ್ಲ. ಬಳ್ಳಾರಿ, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಹಗಲಿರುಳು ಇದೇ ದಾರಿಯಲ್ಲಿ ಬೇಲೇಕೇರಿ, ಕಾರವಾರದ ಬಂದರುಗಳಿಗೆ ಇಳಿಯುತ್ತಿದ್ದವು. ರಸ್ತೆ ಹೊಂಡಮಯ, ಅಂಗಡಿಯ ಮಾಲಿನ ಮೇಲೆ ಕೆಂಪು ಧೂಳು. ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಎರಡೂ ಕಡೆ ಸಾಲು. ಅವಸರದವ, ನಿಧಾನದವ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಸಾಲಿನಲ್ಲಿ! 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ತನ್ನ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಸಾಲು ಕರಗಿತು.

ಅದಿರು ಹೋಯಿತು, ಬೇರೆ ಭಾರ ಬಂತು. ಹುಬ್ಬಳ್ಳಿ ಅಂಕೋಲಾ ರೈಲುದಾರಿ ಮಂಜೂರಾದದ್ದು 1997-98ರಲ್ಲಿ. ಕಾಡು, ಕಾಡುಪ್ರಾಣಿಗಳ ಪ್ರಶ್ನೆ ಎದ್ದು ವಿಷಯ ಕೋರ್ಟು ಕಚೇರಿ ಸುತ್ತಿತು. ಘಟ್ಟ ಇಳಿಯುವ ರೈಲು ಈವರೆಗೆ ಬಂದಿಲ್ಲ. ಕಾಡು ಉಳಿಯಬೇಕೆನ್ನುವವರ ವಾದಕ್ಕೂ ತೂಕವಿದೆ, ರೈಲು ಬೇಕೆನ್ನುವವರ ವಾದಕ್ಕೂ ತೂಕವಿದೆ. ಆ ತೀರ್ಮಾನ ಆಗುವವರೆಗೆ ಬಂದರಿನ ಮಾಲೆಲ್ಲ ಇದೇ ಎರಡು ಸಾಲಿನ ರಸ್ತೆಯ ಮೇಲೆ. 2021ರ ಜುಲೈ ಮಳೆಗೆ ಅರಬೈಲಿನಲ್ಲಿ ಗುಡ್ಡ ಕುಸಿದು ದಾರಿ ಬಂದಾದಾಗ ಈ ರಸ್ತೆಗೆ ಬದಲಿ ದಾರಿ ಎಷ್ಟು ಕಷ್ಟ ಎಂಬುದೂ ಎಲ್ಲರಿಗೂ ತಿಳಿಯಿತು.

ಕಾಯಿದೆ ಯಾರ ಪಕ್ಷ?

ಏರುವ ಗಾಡಿ, ಇಳಿಯುವ ಗಾಡಿ ಎದುರಾದರೆ ಯಾರು ನಿಲ್ಲಬೇಕು? 1989ರ ರಸ್ತೆ ನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿತ್ತು: ಘಟ್ಟದಲ್ಲಿ ಎರಡು ಗಾಡಿ ಸುರಕ್ಷಿತವಾಗಿ ದಾಟುವಷ್ಟು ಅಗಲವಿಲ್ಲದ ಕಡೆ ಇಳಿಯುವವ ಬದಿಗೆ ನಿಂತು ಏರುವವನಿಗೆ ದಾರಿ ಬಿಡಬೇಕು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ನಿಯಮಾವಳಿ ಬಂದಿದೆ. ಆದರೆ ಆ ಹಳೆಯ ಮಾತಿನ ನ್ಯಾಯ ಯಾವ ಕಾಲಕ್ಕೂ ಸಲ್ಲುವಂಥದ್ದು. ಏರಿನಲ್ಲಿ ನಿಂತ ಲೋಡಿನ ಲಾರಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುತ್ತದೆ, ಕ್ಲಚ್ಚು ಸುಡುತ್ತದೆ. ಇಳಿಯುವವನಿಗೆ ಆ ಕಷ್ಟವಿಲ್ಲ.

ದಾಟುವವನನ್ನು ದಾಟಲು ಬಿಡದೆ ತಾನೂ ವೇಗ ಹೆಚ್ಚಿಸುವುದು ತಪ್ಪೆಂದು ಅದೇ ಹಳೆಯ ನಿಯಮ ಹೇಳಿತ್ತು. ಅಪಾಯಕರವಾಗಿ ಗಾಡಿ ಹೊಡೆದರೆ ಮೋಟಾರು ವಾಹನ ಕಾಯಿದೆಯ 184ನೇ ಕಲಮು ಇದೆ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಕಾನೂನು ಮೀರಿ ಓವರ್‌ಟೇಕ್ ಮಾಡುವುದೂ ಇದರಲ್ಲೇ ಬರುತ್ತದೆ. ಸುಮ್ಮನೆ ಹಾರ್ನು ಬಾರಿಸಿದರೆ 1,000 ರೂಪಾಯಿ, ಮತ್ತೆ ಬಾರಿಸಿದರೆ 2,000. ಅಂಬ್ಯುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ. ಅಜಾಗರೂಕತೆಯಿಂದ ಒಬ್ಬರ ಜೀವ ಹೋದರೆ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಜೈಲು.

ಅಂಬ್ಯುಲೆನ್ಸಿನ ಮಾತು ಬೇರೆಯೇ. ಇಲ್ಲಿಂದ ದೊಡ್ಡ ಕೇಸುಗಳು ಹೋಗುವುದು ಎಪ್ಪತ್ತು ಕಿಲೋಮೀಟರಿನಷ್ಟು ದೂರದ ಹುಬ್ಬಳ್ಳಿಯ ಕಿಮ್ಸಿಗೆ. ಇದೊಂದು ಅವಸರಕ್ಕೆ ಎಲ್ಲರೂ ತಲೆಬಾಗಲೇಬೇಕು. ಲಾರಿಯವರೂ ಸೈರನ್ ಕೇಳಿದೊಡನೆ ಜಾಗ ಇದ್ದಲ್ಲಿ ನಿಲ್ಲಬೇಕು. ಮತ್ತೆ ಅದೇ ಪ್ರಶ್ನೆ: ಜಾಗ ಇದ್ದಲ್ಲಿ!

ಜಾಗ ಮಾಡಿಕೊಟ್ಟ ಊರುಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಯಿದೆ ಇದೆ. ದಾಟುವುದು ಅಪಾಯವಾದ ಎರಡು ಸಾಲಿನ ರಸ್ತೆಯಲ್ಲಿ ನಿಧಾನವಾಗಿ ಹೋಗುವವನ ಹಿಂದೆ ಐದು ಅಥವಾ ಹೆಚ್ಚು ವಾಹನ ಸಾಲುಗಟ್ಟಿದರೆ, ಮುಂದಿನ ತಂಗುಜಾಗದಲ್ಲಿ ಆತ ಬದಿಗೆ ಸರಿಯಲೇಬೇಕು. ಅದಕ್ಕಾಗಿ ರಸ್ತೆ ಪಕ್ಕ ಜಾಗ ಮಾಡಿ ಬೋರ್ಡು ಹಾಕಿರುತ್ತಾರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರಸ್ತೆಗಳಲ್ಲಿ ಅಂಚೆ ಬಸ್ಸುಗಳಿಗೆ ಮೂರು ಸ್ವರದ ಬೇರೆಯೇ ಹಾರ್ನು ಇದೆ. ತಿರುವಿನಾಚೆ ಅದು ಕೇಳಿದರೆ ಎದುರಿನವ ತಡೆದು ದಾರಿ ಬಿಡುತ್ತಾನೆ.

ಆ ದೇಶದವರೇನೂ ಹುಟ್ಟಾ ಸೌಜನ್ಯವಂತರಲ್ಲ. ಅವರ ಸರ್ಕಾರಗಳು ಸೌಜನ್ಯಕ್ಕೆ ಜಾಗ ಮಾಡಿಕೊಟ್ಟಿವೆ, ಯಾರು ಎಲ್ಲಿ ಸರಿಯಬೇಕೆಂದು ಬರೆದಿಟ್ಟಿವೆ. ನಮ್ಮಲ್ಲಿ ಸರಿಯುವ ಮನಸ್ಸಿದ್ದವನೂ ಸರಿದು ಕಣಿವೆಗೆ ಬೀಳುವ ಸ್ಥಿತಿ.

ಆಗಬೇಕಾದ್ದೇನು?

ಮೊದಲನೆಯದು, ಅರಬೈಲಿನಲ್ಲಿ ಕಣಿವೆಯ ಬದಿ ತೆರೆದಿರುವ ಕಡೆಯೆಲ್ಲ ಗಟ್ಟಿ ತಡೆಗೋಡೆ ಆಗಬೇಕು. ಹತ್ತು ಹೆಣ ಎತ್ತಿದ ಮೇಲೂ ಇದನ್ನು ಕೇಳಬೇಕೇ?

ಎರಡನೆಯದು, ಗುಡ್ಡದ ಬದಿಗೆ ಕಲ್ಲು ಗಟ್ಟಿ ಇರುವ ಕಡೆ ಲಾರಿ ನಿಲ್ಲುವಷ್ಟು ತಂಗುಜಾಗ ಆಗಬೇಕು. "ಮುಂದೆ ಸೈಡು ಜಾಗ ಇದೆ" ಎಂದು ಅರ್ಧ ಕಿಲೋಮೀಟರ್ ಮೊದಲೇ ಕನ್ನಡದಲ್ಲೂ ಹಿಂದಿಯಲ್ಲೂ ಬೋರ್ಡು ಬೇಕು. ಮುಂದೆ ಜಾಗ ಸಿಗುತ್ತದೆ ಎಂದು ಗೊತ್ತಿದ್ದರೆ ಹಿಂದಿನವನಿಗೂ ತಾಳ್ಮೆ ಬರುತ್ತದೆ, ಮುಂದಿನವನಿಗೂ ನೆಪ ಉಳಿಯುವುದಿಲ್ಲ. ಗುಡ್ಡ ಕಡಿಯುವಾಗ ಮಾತ್ರ ಎಚ್ಚರ ಇರಲಿ. 2021ರ ಮಳೆ ನೆನಪಿರಲಿ.

ಮೂರನೆಯದು, ಮಳೆಗಾಲಕ್ಕೆ ಮೊದಲು ತಿರುವಿನ ಬಿಳಿಗೆರೆ, ಬೆಳಕಿಗೆ ಹೊಳೆಯುವ ಗುರುತು ಹೊಸದಾಗಬೇಕು. ಬಸ್ಸಿನ ವೇಳೆ ನಿಗದಿ ಮಾಡುವವರು ಕಾಗದದ ಮೇಲಿನ ದೂರ ನೋಡದೆ ಘಟ್ಟದ ದೂರ ನೋಡಬೇಕು.

ಇಷ್ಟು ಸರ್ಕಾರದ ಕೆಲಸ. ಇನ್ನು ನಮ್ಮದು. ಮುಂದಿನವ ಜಾಗ ಕಂಡಲ್ಲಿ ಒಂದು ನಿಮಿಷ ನಿಂತು ಹಿಂದಿನ ಸಾಲನ್ನು ಬಿಡಲಿ. ಜಾಗ ಇಲ್ಲದಲ್ಲಿ ಯಾರು ಎಷ್ಟು ಕೂಗಿದರೂ ಎಡಕ್ಕೆ ಸರಿಯದಿರಲಿ. ಹಿಂದಿನವ ಎರಡು ಗಾಡಿಯಷ್ಟಾದರೂ ದೂರ ಇಟ್ಟುಕೊಳ್ಳಲಿ. ದಾಟಿದ ಮೇಲೆ ಒಂದು ಕೈ ಎತ್ತಿ ನಮಸ್ಕಾರ ಹೇಳಲಿ, ಅದಕ್ಕೇನೂ ಡೀಸೆಲ್ ಖರ್ಚಾಗುವುದಿಲ್ಲ. ಅಂಗಡಿಕಾರರು ಮಾಲಿನವನಿಗೆ ಅರ್ಧ ಗಂಟೆ ಹೆಚ್ಚು ಕೊಡಲಿ. ಬಸ್ಸಿನಲ್ಲಿ ಕೂತವರು "ಜೋರಾಗಿ ಬಿಡಿ" ಎನ್ನುವ ಮುಂಚೆ ಒಂದು ಸಲ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಲಿ.

ಸವಣೂರಿನ ಆ ಹತ್ತು ಮನೆಗಳಲ್ಲಿ ಬುಧವಾರದ ಕುಮಟೆ ಸಂತೆಗೆ ಹೊರಡುವವರು ಇಂದು ಇಲ್ಲ. ಸಂತೆ ಮಾತ್ರ ಪ್ರತಿ ಬುಧವಾರ ನಡೆಯುತ್ತಲೇ ಇದೆ, ಲಾರಿಗಳು ನಸುಕಿನಲ್ಲಿ ಘಟ್ಟ ಇಳಿಯುತ್ತಲೇ ಇವೆ. ಹೆದ್ದಾರಿಯ ಹೊಣೆ ಹೊತ್ತವರು ಮುಂದಿನ ಮಳೆಗಾಲದೊಳಗೆ ಗೋಡೆಯನ್ನೂ ತಂಗುಜಾಗವನ್ನೂ ಮಾಡಿಕೊಡುವರೇ?